ಎರಡು ಸಮಾನಾಂತರ ರನ್‌ವೇ ಇದ್ದರೂ ಒಂದರಲ್ಲೇ ಇಳಿಸೋದು ಯಾಕೆ?

ಸೀಟು_14ಎ
ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ. ವಿಮಾನಗಳ ಓಡಾಟ ತೋರಿಸುವ ಆ್ಯಪ್ ತೆರೆದು ನೋಡುತ್ತಾ ಕೂರುವ ಹವ್ಯಾಸ ನನಗೆ. ಸಮಾನಾಂತರವಾಗಿ ಎರಡು ರನ್‌ವೇ ಇರುವ ಎಷ್ಟೋ ನಿಲ್ದಾಣಗಳಲ್ಲಿ ಒಂದರಲ್ಲಿ ಬರೀ ಇಳಿಸುತ್ತಾರೆ, ಇನ್ನೊಂದರಿಂದ ಬರೀ ಏರಿಸುತ್ತಾರೆ. ಮೇಲೆ ನಾಲ್ಕೈದು ವಿಮಾನ ಸುತ್ತು ಹೊಡೆಯುತ್ತಿದ್ದರೂ ಏರುವ ರನ್‌ವೇ ಆಗಾಗ ಎರಡು ಮೂರು ನಿಮಿಷ ಖಾಲಿ ಇರುತ್ತದೆ. ಆ ಹೊತ್ತಿನಲ್ಲಿ ಒಂದನ್ನು ಅಲ್ಲಿ ಇಳಿಸಿದರೆ ಏನು ತೊಂದರೆ? ಇದು ನಿಯಮವಾ, ವಿಮಾನಗಳಿಗೆ ಒಪ್ಪಿಗೆ ಕೊಡುವ ಟವರ್‌ನವರ ಅನುಕೂಲವಾ?

ಇನ್ನೊಂದು ಸಂಗತಿ. ಇಳಿದಾದ ಮೇಲೆ ಟರ್ಮಿನಲ್ ಕಣ್ಣೆದುರೇ ಕಾಣುತ್ತಿರುತ್ತದೆ. ಆದರೂ ಎರಡನೇ ರನ್‌ವೇ ಅಂಚಿಗೆ ತಂದು ನಿಲ್ಲಿಸಿಬಿಡುತ್ತಾರೆ. ಯಾರ ಅಪ್ಪಣೆಗೆ ಕಾಯುತ್ತಿದ್ದೇವೆ ಅಂತ ಯಾರೂ ಹೇಳಲ್ಲ. ಗೊತ್ತಿರೋರು ಬಿಡಿಸಿ ಹೇಳಿ.

ಹಾದಿಕೆಳಗೆ
ಶಬ್ದ. ಅಷ್ಟೇ ಕಾರಣ. ಲಂಡನ್ನಿನ ಹೀಥ್ರೂ ನೋಡಿ, ಮಧ್ಯಾಹ್ನ 3 ಗಂಟೆಗೆ ಇಳಿಯುವ ರನ್‌ವೇ, ಏರುವ ರನ್‌ವೇ ಅದಲು ಬದಲು ಮಾಡುತ್ತಾರೆ. ಕೆಳಗೆ ಇರೋರಿಗೆ ಅರ್ಧ ದಿನವಾದರೂ ನೆಮ್ಮದಿ ಸಿಗಲಿ ಅಂತ.

ಟವರ್_ನಿವೃತ್ತ
ಶಬ್ದ ಒಂದು ಕಾರಣ ಹೌದು, ಅದೊಂದೇ ಅಲ್ಲ. ಹೀಥ್ರೂದಲ್ಲಿ ಎರಡು ರನ್‌ವೇ ನಡುವೆ 1,400 ಮೀಟರಿಗೂ ಹೆಚ್ಚು ಅಂತರ ಇದೆ, ಅಂದರೆ ದೂರದ ಲೆಕ್ಕದಲ್ಲಿ ಎರಡರಲ್ಲೂ ಒಟ್ಟಿಗೆ ಇಳಿಸಬಹುದು. ಅಲ್ಲಿ ಹಾಗೆ ಮಾಡದಿರುವುದು ಸುತ್ತಲಿನ ಜನರ ಜೊತೆಗಿನ ಒಪ್ಪಂದದಿಂದ. ಇಳಿಯುವ ಸಾಲು ತೀರಾ ಬೆಳೆದಾಗ ಏರುವ ರನ್‌ವೇಯಲ್ಲೂ ಒಂದಷ್ಟನ್ನು ಇಳಿಸಿಕೊಳ್ಳುವ ಅವಕಾಶ ಅಲ್ಲೂ ಇದೆ. ಬೇರೆ ಎಷ್ಟೋ ಕಡೆ ಆ ಅಂತರವೇ ಇಲ್ಲ.

ಸೀಟು_14ಎ ಅವರೇ, ಸಮಾನಾಂತರ ರನ್‌ವೇಗಳನ್ನು ಬಳಸಲು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೋ ನಾಲ್ಕು ಬಗೆ ಹೇಳುತ್ತದೆ. ಎರಡರಲ್ಲೂ ಒಂದಕ್ಕೊಂದು ಸಂಬಂಧ ಇಲ್ಲದಂತೆ ಇಳಿಸಬೇಕಾದರೆ ಮಧ್ಯರೇಖೆಯಿಂದ ಮಧ್ಯರೇಖೆಗೆ ಕನಿಷ್ಠ 1,035 ಮೀಟರ್ ಬೇಕು. ಅಷ್ಟಿಲ್ಲ, 915 ಮೀಟರ್ ಇದೆ ಅಂದರೆ ಎರಡರಲ್ಲೂ ಇಳಿಸಬಹುದು, ಆದರೆ ಪಕ್ಕದ ಸಾಲಿನ ವಿಮಾನದಿಂದ ಓರೆಯಾಗಿ ಅಳೆದರೆ 3.7 ಕಿಲೋಮೀಟರ್ ಬಿಟ್ಟು ಬರಬೇಕು, ಅಕ್ಕಪಕ್ಕ ಬರುವ ಹಾಗಿಲ್ಲ. ಎರಡರಿಂದಲೂ ಒಟ್ಟಿಗೆ ಏರಿಸಲು 760 ಮೀಟರ್ ಸಾಕು, ಆದರೆ ನೆಲ ಬಿಟ್ಟ ಕೂಡಲೇ ಎರಡರ ದಾರಿ ಕನಿಷ್ಠ 15 ಡಿಗ್ರಿ ಅಗಲಬೇಕು. ನಾಲ್ಕನೆಯದು ನೀವು ನೋಡಿದ್ದು, ಒಂದರಲ್ಲಿ ಇಳಿಸುವುದು ಒಂದರಲ್ಲಿ ಏರಿಸುವುದು. ಇದಕ್ಕೂ 760.

ಇವೆಲ್ಲ ಉಪಕರಣ ನೋಡಿಕೊಂಡು ಇಳಿಯುವಾಗಿನ ಲೆಕ್ಕ. ಆಕಾಶ ತಿಳಿಯಾಗಿದ್ದು ಪೈಲಟ್ ಕಣ್ಣಾರೆ ನೋಡಿ ಇಳಿಸುವಾಗ ಲೆಕ್ಕ ಬೇರೆ.

ಸ್ಟ್ರಿಪ್_ಬರಹ
ನಾಲ್ಕನೆಯದರಲ್ಲಿ ಒಂದು ಸೂಕ್ಷ್ಮ ಇದೆ ಸರ್. ಎರಡು ರನ್‌ವೇಯ ತುದಿಗಳು ಒಂದೇ ಸಾಲಿನಲ್ಲಿ ಇರಬೇಕು ಅಂತಿಲ್ಲ. ಇಳಿಯುವ ರನ್‌ವೇಯ ತುದಿ ಬರುವ ವಿಮಾನದ ಕಡೆಗೆ ಮುಂದೆ ಚಾಚಿದ್ದರೆ ಪ್ರತಿ 150 ಮೀಟರಿಗೆ 30 ಮೀಟರ್ ಕಮ್ಮಿ ಮಾಡಿಕೊಳ್ಳಬಹುದು, ಆದರೆ 300ರ ಕೆಳಗೆ ಹೋಗುವಂತಿಲ್ಲ. ಹಿಂದೆ ಸರಿದಿದ್ದರೆ ಅದೇ ಲೆಕ್ಕದಲ್ಲಿ ಅಂತರ ಹೆಚ್ಚಿಸಬೇಕು. ಇಳಿಯಲಾಗದೆ ಮತ್ತೆ ಮೇಲೇರುವ ವಿಮಾನ ಪಕ್ಕದಲ್ಲಿ ಓಡುತ್ತಿರುವ ವಿಮಾನದ ಮೇಲೆ ಬಂದುಬಿಡಬಾರದು ಅನ್ನೋದೇ ಇದರ ಹಿಂದಿನ ಯೋಚನೆ.

(ಟವರ್ ತರಬೇತಿಯಲ್ಲಿದ್ದೇನೆ, ಈ ಅಂಕಿಗಳು ಈಗ ಬಾಯಿಪಾಠ.)

ನಿಜಾನಾ_ಗುರು
1,035 ಅಂತ ಯಾರು ಗೀಟು ಎಳೆದರು? 1,030 ಇದ್ದರೆ ಡಿಕ್ಕಿ ಆಗುತ್ತಾ? ಒಂದು ಕಿಲೋಮೀಟರ್ ಅಂದರೆ ಬೇಕಾದಷ್ಟು ದೂರ.

ಮೇಷ್ಟ್ರು_ಭೌತ
ಬೇಕಾದಷ್ಟು ಅನ್ನಿಸುತ್ತದೆ, ಲೆಕ್ಕ ಹಾಕಿ ನೋಡಿ. ಇಳಿಯುವ ಜೆಟ್ ವಿಮಾನದ ವೇಗ ಸುಮಾರು 140 ನಾಟ್ ಅಂತ ಹಿಡಿಯೋಣ. ಸೆಕೆಂಡಿಗೆ 72 ಮೀಟರ್. ಅದು ಯಾವುದೋ ಕಾರಣಕ್ಕೆ 30 ಡಿಗ್ರಿ ಪಕ್ಕದ ಸಾಲಿನತ್ತ ತಿರುಗಿತು ಅನ್ನಿ. ಅಡ್ಡಡ್ಡ ಸಾಗುವ ವೇಗ ಅದರ ಅರ್ಧ, ಸೆಕೆಂಡಿಗೆ 36 ಮೀಟರ್.

ಎರಡು ಸಾಲುಗಳ ನಡುವೆ ಯಾರೂ ಕಾಲಿಡಬಾರದ ಪಟ್ಟಿ ಒಂದಿದೆ, ಕನಿಷ್ಠ 610 ಮೀಟರ್ ಅಗಲ. 1,035ರಲ್ಲಿ 610 ಕಳೆದರೆ 425, ಎರಡು ಕಡೆಗೆ ಹಂಚಿದರೆ 212 ಚಿಲ್ಲರೆ. ಅಂದರೆ ದಾರಿ ತಪ್ಪಿದ ವಿಮಾನ ತನ್ನ ಮಧ್ಯರೇಖೆಯಿಂದ ಆ ಪಟ್ಟಿಯ ಅಂಚಿಗೆ ಬರಲು 6 ಸೆಕೆಂಡ್. ಪಟ್ಟಿಯನ್ನು ದಾಟಲು ಇನ್ನು 17 ಸೆಕೆಂಡ್. ಪಕ್ಕದ ವಿಮಾನದ ಮೇಲೆ ಬೀಳಲು ಮತ್ತೆ 6. ಒಟ್ಟು ಅರ್ಧ ನಿಮಿಷಕ್ಕೂ ಕಮ್ಮಿ.

ಅಷ್ಟರಲ್ಲಿ ರೇಡಾರ್ ಮುಂದೆ ಕೂತವರು ನೋಡಬೇಕು, ನಂಬಬೇಕು, ಮೈಕ್ ಒತ್ತಬೇಕು, ಪಕ್ಕದ ಸಾಲಿನಲ್ಲಿ ಏನೂ ತಪ್ಪು ಮಾಡದ ಪೈಲಟ್‌ಗೆ ‘ತಕ್ಷಣ ತಿರುಗಿ, ಮೇಲೇರಿ’ ಅನ್ನಬೇಕು. ಆ ಪೈಲಟ್ ಕೇಳಿಸಿಕೊಂಡು, ಕೈ ಹಾಕಿ, ಅಷ್ಟು ಭಾರದ ವಿಮಾನ ತಿರುಗಬೇಕು. ಈಗ ಹೇಳಿ, ಒಂದು ಕಿಲೋಮೀಟರ್ ಬೇಕಾದಷ್ಟಾ?

ನಿಜಾನಾ_ಗುರು
ಸರಿ ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಹಾಗಾದರೆ ಸ್ಯಾನ್ ಫ್ರಾನ್ಸಿಸ್ಕೋ ಕಥೆ ಏನು? ಎರಡು ವಿಮಾನ ಜೋಡಿಯಾಗಿ ಇಳಿಯುವ ವಿಡಿಯೋ ಎಲ್ಲರೂ ನೋಡಿದ್ದಾರೆ. ಅಲ್ಲಿ ರನ್‌ವೇ ನಡುವೆ ಅಂತರ 230 ಮೀಟರ್. ನಿಮ್ಮ ಲೆಕ್ಕಕ್ಕೆ ಅಲ್ಲಿ ಎಲ್ಲರಿಗೂ 6 ಸೆಕೆಂಡ್ ಟೈಮ್!

ಕಾಕ್‌ಪಿಟ್_ಬಲ
ಆ ಜೋಡಿ ಇಳಿತ ಉಪಕರಣದ ಮೇಲೆ ನಡೆಯುವುದಲ್ಲ. ಪಕ್ಕದ ವಿಮಾನವನ್ನು ನೋಡುತ್ತಿದ್ದೇನೆ ಅಂತ ಪೈಲಟ್ ರೇಡಿಯೋದಲ್ಲಿ ಹೇಳಿದ ಮೇಲೆ, ದೂರ ಕಾಯ್ದುಕೊಳ್ಳುವ ಹೊಣೆ ಪೈಲಟ್ ಮೇಲೆ ಬರುತ್ತದೆ. ಕಿಟಕಿಯಾಚೆ ಅದನ್ನು ಕಾಣುತ್ತಲೇ ಇರಬೇಕು, ಕಣ್ಣು ತಪ್ಪಿದರೆ ಕೂಡಲೇ ಹೇಳಬೇಕು. ಅಲ್ಲಿ ಮೋಡ ಕೆಳಗಿಳಿದ ದಿನ ಈ ಸೌಕರ್ಯ ಇಲ್ಲ, ಇಳಿಯುವ ಸಂಖ್ಯೆ ಹೆಚ್ಚುಕಮ್ಮಿ ಅರ್ಧಕ್ಕೆ ಬೀಳುತ್ತದೆ. ಆ ಊರಿನ ಮಂಜಿನಿಂದ ವಿಮಾನಗಳು ತಡವಾಗುವುದಕ್ಕೆ ದೊಡ್ಡ ಕಾರಣ ಇದೇ.

ಬಲಗಡೆ ಸೀಟಿನಲ್ಲಿ, ಅಂದರೆ ಸಹಪೈಲಟ್ ಜಾಗದಲ್ಲಿ ಕೂತು ಹೇಳ್ತಿದ್ದೀನಿ, ಪಕ್ಕದಲ್ಲಿ ಇನ್ನೊಂದು ವಿಮಾನ ನಮ್ಮ ಜೊತೆಗೇ ಇಳಿಯುತ್ತಿದ್ದರೆ ನೋಡಲು ಚೆಂದ. ಒಳಗೆ ಮಾತ್ರ ಒಬ್ಬರೂ ಅನಗತ್ಯ ಮಾತಾಡಲ್ಲ.

ನೀಲಿದೀಪ
ದೊಡ್ಡ ವಿಮಾನದ ಹಿಂದೆ ಚಿಕ್ಕದು ಹೋದರೆ ಗಾಳಿಯ ಸುಳಿಗೆ ಸಿಕ್ಕುತ್ತೆ ಅಂತಾರಲ್ಲ. ಎರಡು ರನ್‌ವೇ ಇದ್ದರೆ ಆ ಸಮಸ್ಯೆ ತಪ್ಪುತ್ತೆ ತಾನೇ? ದೊಡ್ಡದು ಎಡಕ್ಕೆ, ಚಿಕ್ಕದು ಬಲಕ್ಕೆ.

ಟವರ್_ನಿವೃತ್ತ
760 ಮೀಟರಿಗಿಂತ ಹತ್ತಿರ ಇದ್ದರೆ ತಪ್ಪುವುದಿಲ್ಲ. ಸುಳಿಯ ಮಟ್ಟಿಗೆ ಅಂಥ ಎರಡು ರನ್‌ವೇಯನ್ನು ಒಂದೇ ರನ್‌ವೇ ಅಂತ ಲೆಕ್ಕ ಹಾಕುತ್ತೇವೆ. ರೆಕ್ಕೆಯ ತುದಿಯಿಂದ ಹೊರಡುವ ಸುಳಿಗಳು ಕೆಳಗಿಳಿದು, ನೆಲದ ಹತ್ತಿರ ಬಂದಾಗ ಎರಡೂ ಕಡೆಗೆ ಅಗಲಕ್ಕೆ ಹರಿಯುತ್ತವೆ. ಅಡ್ಡಗಾಳಿ ಇದ್ದರೆ ಒಂದು ಸುಳಿಯನ್ನು ಪಕ್ಕದ ರನ್‌ವೇ ಮೇಲೇ ತಂದು ಬಿಡುತ್ತದೆ. ಗಾಳಿ ಜೋರಿದ್ದರೆ ಸುಳಿ ಬೇಗ ಹರಿದು ಹೋಗುತ್ತದೆ. ಮೂರ್ನಾಲ್ಕು ನಾಟ್‌ನ ಮೆಲುಗಾಳಿಯೇ ಕೆಟ್ಟದ್ದು, ಸುಳಿಯನ್ನು ರನ್‌ವೇ ಮೇಲೇ ನಿಲ್ಲಿಸಿಬಿಡುತ್ತದೆ. ಹೊರಗೆ ಎಲೆ ಅಲ್ಲಾಡದ ಸಂಜೆಯಲ್ಲಿ ದೊಡ್ಡ ವಿಮಾನದ ಹಿಂದೆ ಚಿಕ್ಕದನ್ನು ಯಾಕೆ ಕಾಯಿಸುತ್ತಾರೆ ಅಂತ ಜನಕ್ಕೆ ಅರ್ಥ ಆಗಲ್ಲ.

ಸೀಟು_14ಎ
ಇಷ್ಟು ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಆದರೆ ಒಂದು ಅನುಮಾನ. ಇದೆಲ್ಲ ರೇಡಾರ್ ನೋಡುವವರ ಕೆಲಸ ಅಂತ ಆಯ್ತಲ್ಲ. ಗಾಜಿನ ಗೋಪುರದಲ್ಲಿ ಕೂತವರು ಏನು ಮಾಡ್ತಾರೆ?

ಟವರ್_ನಿವೃತ್ತ
ಒಳ್ಳೆಯ ಪ್ರಶ್ನೆ ಕೇಳಿದಿರಿ. ನನ್ನ ಮಟ್ಟಿಗೆ ಇಡೀ ವಿಷಯದ ಹೂರಣ ಇಲ್ಲೇ ಇರುವುದು.

ಬರುವ ವಿಮಾನಗಳನ್ನು ಸಾಲಿಗೆ ತರುವುದು ರೇಡಾರ್ ನೋಡುವವರು, ಅವರನ್ನು ಅಪ್ರೋಚ್‌ನವರು ಅಂತೀವಿ. ಎರಡು ಸಾಲಿಗೆ ತಿರುಗಿಸುವಾಗ ಒಂದನ್ನು 3,000 ಅಡಿಯಲ್ಲಿ, ಇನ್ನೊಂದನ್ನು 4,000 ಅಡಿಯಲ್ಲಿ ತರುತ್ತಾರೆ. ಎರಡೂ ತಂತಮ್ಮ ಮಧ್ಯರೇಖೆ ಹಿಡಿದು ಗಟ್ಟಿಯಾಗಿ ಕೂತ ಮೇಲೆಯೇ ಆ ಸಾವಿರ ಅಡಿ ಬಿಡುವುದು. ಆಮೇಲೆ ವಿಮಾನ ಟವರಿಗೆ ಬರುತ್ತದೆ. ಅಲ್ಲಿಂದ ರನ್‌ವೇ ನಮ್ಮದು. ಅದರ ಮೇಲೆ ಯಾರು ಇರಬೇಕು, ಯಾರು ಇರಬಾರದು ಅನ್ನುವುದಷ್ಟೇ ನಮ್ಮ ಕೆಲಸ. ಹೇಳಲು ಒಂದು ಸಾಲು, ಮಾಡಲು ಇಡೀ ಪಾಳಿ.

ಎರಡು ರನ್‌ವೇ ಇದ್ದಲ್ಲಿ ಸಾಮಾನ್ಯವಾಗಿ ಒಂದೊಂದಕ್ಕೆ ಒಬ್ಬೊಬ್ಬ ಕಂಟ್ರೋಲರ್, ಒಂದೊಂದು ಫ್ರೀಕ್ವೆನ್ಸಿ. ಟ್ಯಾಕ್ಸಿವೇ, ಅಂದರೆ ರನ್‌ವೇಗೂ ಟರ್ಮಿನಲ್‌ಗೂ ನಡುವೆ ವಿಮಾನ ಓಡಾಡುವ ದಾರಿ, ನೋಡಿಕೊಳ್ಳಲು ಗ್ರೌಂಡ್ ಅನ್ನುವ ಕಂಟ್ರೋಲರ್. ಹೊರಡುವ ಮೊದಲು ದಾರಿ ಒಪ್ಪಿಗೆ ಕೊಡಲು ಇನ್ನೊಬ್ಬರು. ಎಲ್ಲರ ಮೇಲೆ ಒಂದು ಕಣ್ಣಿಡಲು ಸೂಪರ್‌ವೈಸರ್. ವಿಮಾನಗಳು ಗಾಳಿಯಲ್ಲಿ ಎಷ್ಟು ದೂರದಲ್ಲಿವೆ ಅನ್ನುವುದಕ್ಕೆ ಬರೆದಿಟ್ಟ ಅಂಕಿ ಇದೆ, ಅದನ್ನು ಪಾಲಿಸಿದರಾಯ್ತು. ಟವರಿನವರ ನಿದ್ದೆ ಕೆಡಿಸುವುದು ನಿಮ್ಮ ಎರಡನೇ ಪ್ರಶ್ನೆ: ಅಡ್ಡ ದಾಟುವುದು.

ಹೊರಗಿನ ರನ್‌ವೇಯಲ್ಲಿ ಇಳಿದ ವಿಮಾನ ಟರ್ಮಿನಲ್ ಸೇರಬೇಕಾದರೆ ಒಳಗಿನ ರನ್‌ವೇ ದಾಟಲೇಬೇಕು, ಎಷ್ಟೋ ಕಡೆ ವಿನ್ಯಾಸವೇ ಹಾಗಿದೆ. ಅದೇ ಹೊತ್ತಿಗೆ ಒಳಗಿನದರಲ್ಲಿ ಸಾಲಾಗಿ ಏರುತ್ತಿರುತ್ತವೆ. ಪ್ರತಿ ಇಳಿತಕ್ಕೂ ಒಂದು ದಾಟುವಿಕೆ. ಇಳಿಸುವವರು ವಿಮಾನವನ್ನು ಅಂಚಿಗೆ ತಂದು ನಿಲ್ಲಿಸುತ್ತಾರೆ, ಏರಿಸುವವರು ಒಂದನ್ನು ಓಡಿಸಿ, ಅದು ಆ ಜಾಗ ದಾಟಿದ ಕೂಡಲೇ ಹಿಂದಿನಿಂದ ಎರಡು ಮೂರನ್ನು ಬೇರೆ ಬೇರೆ ಟ್ಯಾಕ್ಸಿವೇಯಲ್ಲಿ ಒಟ್ಟಿಗೆ ದಾಟಿಸುತ್ತಾರೆ. ನೀವು ‘ಖಾಲಿ’ ಅಂದುಕೊಂಡ ಆ ಎರಡು ಮೂರು ನಿಮಿಷ ಬಹಳ ಸಲ ಖಾಲಿ ಇರಲ್ಲ. ನಿಮ್ಮಂಥವರನ್ನು ಮನೆ ಸೇರಿಸಲು ಬಳಕೆ ಆಗುತ್ತಿರುತ್ತದೆ. ಆ್ಯಪ್‌ನಲ್ಲಿ ನೆಲದ ಮೇಲಿನ ಓಡಾಟ ಸರಿಯಾಗಿ ಕಾಣದೇ ಇರಬಹುದು.

ನೀಲಿದೀಪ
ಹೀಥ್ರೂದಲ್ಲಿ ಟರ್ಮಿನಲ್‌ಗಳು ಎರಡು ರನ್‌ವೇ ನಡುವೆಯೇ ಇವೆ, ಅಲ್ಲಿ ಈ ತಾಪತ್ರಯ ಕಮ್ಮಿ.

ಸ್ಟ್ರಿಪ್_ಬರಹ
ದಕ್ಷಿಣದ ಪಕ್ಕದಲ್ಲಿ ಟರ್ಮಿನಲ್ 4 ಇದೆಯಲ್ಲ, ಅಲ್ಲಿಗೆ ಹೋಗುವವು ದಾಟಲೇಬೇಕು. ಆದರೆ ನೀವು ಹೇಳಿದ್ದು ಬಹುಪಾಲು ಸರಿ. ಅಮೆರಿಕದ ಅಟ್ಲಾಂಟಾ ಬೇರೆ ದಾರಿ ಹಿಡಿಯಿತು. ಅಲ್ಲಿ 5 ಸಮಾನಾಂತರ ರನ್‌ವೇ. 2007ರಲ್ಲಿ ಒಂದು ರನ್‌ವೇಯ ತುದಿಯನ್ನು ಬಳಸಿಕೊಂಡು ಸುತ್ತಿ ಹೋಗುವ ಟ್ಯಾಕ್ಸಿವೇ ತೆರೆದರು. ಏರುವ ವಿಮಾನದ ಕೆಳಗಿನಿಂದ ಹಾದು ಹೋಗಬೇಕಾದ್ದರಿಂದ ಅದನ್ನು ತಗ್ಗಿನಲ್ಲಿ ಕಟ್ಟಿದ್ದಾರೆ. ಇಳಿದ ವಿಮಾನ ರನ್‌ವೇ ದಾಟುವುದೇ ಬೇಡ.

ಕಾಕ್‌ಪಿಟ್_ಬಲ
ಸುತ್ತು ದಾರಿ ಅಂದರೆ ಪ್ರಯಾಣಿಕರು ಗೊಣಗುತ್ತಾರೆ, ‘ಇಳಿದು ಇಷ್ಟು ಹೊತ್ತಾಯ್ತು, ಊರೆಲ್ಲ ಸುತ್ತಿಸ್ತಿದ್ದಾರೆ’ ಅಂತ. ನನಗಂತೂ ಅದೇ ಇಷ್ಟ. ನಿಲ್ಲದೆ ಮೆಲ್ಲಗೆ ಹೋಗುತ್ತಿರಬಹುದು, ಯಾರನ್ನೂ ಕೇಳಬೇಕಿಲ್ಲ.

ನಿಜಾನಾ_ಗುರು
ನಿವೃತ್ತರು ಹೇಳಿದ್ದೆಲ್ಲ ಕೇಳಿದರೆ ಒಂದೇ ಪ್ರಶ್ನೆ ಬರುತ್ತೆ. ಈ ಕಾಲದಲ್ಲಿ ಇದನ್ನೆಲ್ಲ ಮನುಷ್ಯರು ನೆನಪಿಟ್ಟುಕೊಂಡು ಮಾಡಬೇಕಾ? ರನ್‌ವೇ ಮೇಲೆ ವಿಮಾನ ಇದೆಯೋ ಇಲ್ಲವೋ ಅಂತ ಕಂಪ್ಯೂಟರ್‌ಗೆ ಗೊತ್ತಾಗಲ್ವಾ? ಸಂಕೇತ ಕೊಡೋದು ಅದಕ್ಕೇ ಬಿಡಿ.

ಸ್ಟ್ರಿಪ್_ಬರಹ
ಗೊತ್ತಾಗುತ್ತೆ. ಗೊತ್ತಾದದ್ದು ಮನುಷ್ಯರ ಗಮನಕ್ಕೆ ಬರಬೇಕು ಅನ್ನೋದು ಸಮಸ್ಯೆ.

2024ರ ಜನವರಿ 2, ಟೋಕಿಯೋದ ಹನೇಡಾ. ಅಲ್ಲಿ 34 ರೈಟ್, 34 ಲೆಫ್ಟ್ ಅಂತ ಸಮಾನಾಂತರ ಜೋಡಿ ಇದೆ (ಅಂಕಿ ರನ್‌ವೇಯ ದಿಕ್ಕಿಗೆ, ರೈಟ್ ಅಂದರೆ ಬಲದ್ದು, ಲೆಫ್ಟ್ ಅಂದರೆ ಎಡದ್ದು). ಜಪಾನ್ ಏರ್‌ಲೈನ್ಸ್‌ನ ಎ350 ವಿಮಾನ 34 ರೈಟ್‌ನಲ್ಲಿ ಇಳಿಯುತ್ತಿತ್ತು. ಕರಾವಳಿ ಕಾವಲು ಪಡೆಯ ಚಿಕ್ಕ ವಿಮಾನಕ್ಕೆ ನೀವು ಸರದಿಯಲ್ಲಿ ಮೊದಲಿನವರು, ರನ್‌ವೇ ಹೊರಗಿನ ಹೋಲ್ಡಿಂಗ್ ಪಾಯಿಂಟ್‌ವರೆಗೆ ಬನ್ನಿ ಅಂತ ಟವರ್ ಹೇಳಿತ್ತು. ಅದು ರನ್‌ವೇಗೇ ಬಂದು ನಿಂತಿತು, ಸುಮಾರು 40 ಸೆಕೆಂಡ್ ನಿಂತಿತ್ತು. ರನ್‌ವೇ ಮೇಲೆ ಯಾರೋ ಇದ್ದಾರೆ ಅಂತ ಟವರಿನ ಪರದೆಯ ಮೇಲೆ ಬಣ್ಣ ಬದಲಾಗಿತ್ತು. ಆದರೂ ಕಂಟ್ರೋಲರ್ ಗಮನಕ್ಕೆ ಬರಲಿಲ್ಲ. ಚಿಕ್ಕ ವಿಮಾನದ 6 ಜನರಲ್ಲಿ 5 ಜನ ಸತ್ತರು. ದೊಡ್ಡ ವಿಮಾನದ 379 ಜನರೂ ಉರಿಯುತ್ತಿದ್ದ ವಿಮಾನದಿಂದ ಹೊರಬಂದರು.

ಆಮೇಲೆ ಜಪಾನ್‌ನಲ್ಲಿ ‘ನಂಬರ್ ಒನ್’ ಅಂತ ಸರದಿ ಹೇಳೋದನ್ನೇ ಕೆಲಕಾಲ ನಿಲ್ಲಿಸಿದರು, ಪರದೆ ನೋಡುವುದಕ್ಕೇ ಒಬ್ಬರನ್ನು ಕೂರಿಸಿದರು. ನಮ್ಮ ತರಗತಿಯಲ್ಲಿ ಈ ಘಟನೆ ಚರ್ಚೆಗೆ ಬಂದ ದಿನ ಯಾರೂ ಬೇಗ ಎದ್ದು ಹೋಗಲಿಲ್ಲ.

ನಿಜಾನಾ_ಗುರು
ಅಂದರೆ ಎಚ್ಚರಿಕೆ ಟವರಿಗೆ ಮಾತ್ರ ಹೋಗಬಾರದು, ಪೈಲಟ್‌ಗೂ ನೇರವಾಗಿ ಹೋಗಬೇಕು. ನನ್ನ ವಾದ ಅದೇ.

ಕಾಕ್‌ಪಿಟ್_ಬಲ
ಆ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಅಮೆರಿಕದ ಕೆಲವು ದೊಡ್ಡ ನಿಲ್ದಾಣಗಳಲ್ಲಿ ನೆಲದಲ್ಲೇ ಹುದುಗಿಸಿದ ಕೆಂಪು ದೀಪಗಳಿವೆ. ರನ್‌ವೇ ಮೇಲೆ ಬೇರೆ ವಿಮಾನ ಬರುತ್ತಿದ್ದರೆ ಯಾರೂ ಗುಂಡಿ ಒತ್ತದೆ ತಾವಾಗಿ ಹೊತ್ತಿಕೊಳ್ಳುತ್ತವೆ. ಟವರ್ ಹೋಗಿ ಅಂದರೂ ದೀಪ ಕೆಂಪಿದ್ದರೆ ನಾವು ಹೋಗಲ್ಲ. ಇಂಥದ್ದು ಎಲ್ಲ ಕಡೆ ಬರಬೇಕು.

ಟವರ್_ನಿವೃತ್ತ
ಬರಲಿ. ಬಂದ ಮೇಲೂ ದಾಟಲು ಯಾರನ್ನು ಮೊದಲು ಬಿಡಬೇಕು ಅನ್ನುವ ತೀರ್ಮಾನ ಒಬ್ಬರು ಮಾಡಬೇಕಲ್ಲ ಗುರುಗಳೇ. ದೀಪ ಅಪಾಯ ತಡೆಯುತ್ತದೆ, ಸಾಲು ನಡೆಸುವುದಿಲ್ಲ.

ನೆನಪಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. 1991ರ ಫೆಬ್ರವರಿ 1ರ ಸಂಜೆ ಲಾಸ್ ಏಂಜಲೀಸ್‌ನಲ್ಲಿ, ಅಲ್ಲೂ ಎರಡು ಜೋಡಿ ಸಮಾನಾಂತರ ರನ್‌ವೇ, ಕಂಟ್ರೋಲರ್ ಒಂದು ಚಿಕ್ಕ ವಿಮಾನವನ್ನು 24 ಲೆಫ್ಟ್ ಮೇಲೆ ನಿಲ್ಲಿಸಿದರು. ಅಷ್ಟರಲ್ಲಿ ಬೇರೊಂದು ವಿಮಾನ ರೇಡಿಯೋದಲ್ಲಿ ಉತ್ತರ ಕೊಡುತ್ತಿಲ್ಲ, ಇನ್ನೊಂದರ ಸ್ಟ್ರಿಪ್, ಅಂದರೆ ವಿಮಾನದ ವಿವರ ಬರೆದಿಡುವ ಕಾಗದದ ಪಟ್ಟಿ, ಸಿಗುತ್ತಿಲ್ಲ. ಆ ಗಡಿಬಿಡಿಯಲ್ಲಿ ನಿಲ್ಲಿಸಿದ ವಿಮಾನ ಮನಸ್ಸಿನಿಂದ ಜಾರಿತು. ಅದೇ ರನ್‌ವೇಗೆ 737 ಇಳಿಯಲು ಒಪ್ಪಿಗೆ ಕೊಟ್ಟರು. 35 ಜನ ಸತ್ತರು.

ಹಾಗಾಗಿಯೇ ನೆನಪನ್ನು ನಂಬದ ಪದ್ಧತಿಗಳು ಹುಟ್ಟಿಕೊಂಡವು. ರನ್‌ವೇ ಮೇಲೆ ವಾಹನವೋ ವಿಮಾನವೋ ಇದ್ದರೆ ಸ್ಟ್ರಿಪ್‌ಗಳ ಸಾಲಿನಲ್ಲಿ ಕೆಂಪು ಪಟ್ಟಿ ಅಡ್ಡ ಇಡುವುದು. ಅದನ್ನು ತೆಗೆಯದೆ ಮುಂದಿನ ಸ್ಟ್ರಿಪ್‌ಗೆ ಕೈ ಹೋಗುವುದಿಲ್ಲ. ಇಳಿಯಲು ಒಪ್ಪಿಗೆ ಕೊಡುವ ಮುಂಚೆ ರನ್‌ವೇಯನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಿನಲ್ಲಿ ಗುಡಿಸುವುದು, ಪ್ರತಿ ಸಲವೂ. ನಾನಿದ್ದ ಒಂದು ಟವರಿನಲ್ಲಿ ಹಿರಿಯರೊಬ್ಬರು ಪರದೆಯ ಮೇಲೆ ಕಂಡದ್ದನ್ನು ಕಿಟಕಿಯಲ್ಲೂ ಕಾಣದೆ ಮೈಕ್ ಮುಟ್ಟುತ್ತಿರಲಿಲ್ಲ. ಅವರ ಪಾಳಿಯಲ್ಲಿ ಸದ್ದುಗದ್ದಲವೇ ಇರುತ್ತಿರಲಿಲ್ಲ.

ಹಾದಿಕೆಳಗೆ
ರಾತ್ರಿ ಒಬ್ಬರೇ ಕಂಟ್ರೋಲರ್ ಎರಡೂ ರನ್‌ವೇ ನೋಡ್ತಾರಂತೆ, ನಿಜವಾ?

ಸ್ಟ್ರಿಪ್_ಬರಹ
ಓಡಾಟ ಕಮ್ಮಿ ಇದ್ದಾಗ ಸ್ಥಾನಗಳನ್ನು ಒಂದುಗೂಡಿಸುವುದು ಎಲ್ಲ ಕಡೆ ಇದೆ. ಎಷ್ಟು ಹೊತ್ತಿಗೆ ಒಂದುಗೂಡಿಸಬೇಕು ಅನ್ನೋದೇ ಜಗಳ.

2017ರ ಜುಲೈ 7, ಮತ್ತೆ ಸ್ಯಾನ್ ಫ್ರಾನ್ಸಿಸ್ಕೋ. ನಡುರಾತ್ರಿಗೆ ಸ್ವಲ್ಪ ಮೊದಲು. 28 ಲೆಫ್ಟ್ ಮುಚ್ಚಿತ್ತು, ಅದರ ದೀಪ ಆರಿಸಿದ್ದರು. ಏರ್ ಕೆನಡಾದ ಎ320 ಪೈಲಟ್‌ಗಳು 28 ರೈಟ್ ಅನ್ನೇ 28 ಲೆಫ್ಟ್ ಅಂದುಕೊಂಡು, ಅದರ ಬಲಕ್ಕಿದ್ದ ಟ್ಯಾಕ್ಸಿವೇಯ ಮೇಲೆ ಇಳಿಯಲು ಬಂದರು. ಅಲ್ಲಿ ನಾಲ್ಕು ವಿಮಾನ ತುಂಬಿದ ಜನರೊಂದಿಗೆ ಸಾಲಾಗಿ ನಿಂತಿದ್ದವು. ರನ್‌ವೇ ಮೇಲೆ ದೀಪ ಕಾಣುತ್ತಿವೆ ಅಂತ ಪೈಲಟ್ ಕೇಳಿದಾಗ, ನಿಮ್ಮನ್ನು ಬಿಟ್ಟು ಯಾರೂ ಇಲ್ಲ ಅಂತ ಟವರ್ ಉತ್ತರ ಕೊಟ್ಟಿತು. ರನ್‌ವೇ ಮಟ್ಟಿಗೆ ಅದು ನಿಜವೇ. ಕೆಳಗೆ ನಿಂತಿದ್ದ ಒಬ್ಬ ಪೈಲಟ್ ರೇಡಿಯೋದಲ್ಲಿ ಕೂಗಿದರು. ವಿಮಾನ ಸುಮಾರು 60 ಅಡಿಗೆ ಇಳಿದು ಮತ್ತೆ ಮೇಲೇರಿತು. ಆ ಹೊತ್ತಿನಲ್ಲಿ ಟವರ್, ಗ್ರೌಂಡ್ ಎರಡನ್ನೂ ಒಬ್ಬರೇ ಕಂಟ್ರೋಲರ್ ನಡೆಸುತ್ತಿದ್ದರು.

ಮೇಷ್ಟ್ರು_ಭೌತ
ಕತ್ತಲಲ್ಲಿ ಮನಸ್ಸು ಎರಡು ಸಾಲು ದೀಪ ಹುಡುಕುತ್ತದೆ. ಒಂದು ಸಾಲು ಆರಿದ್ದರೆ ಪಕ್ಕದ ಟ್ಯಾಕ್ಸಿವೇಯನ್ನು ಸೇರಿಸಿಕೊಂಡು ಎರಡು ಮಾಡಿಕೊಳ್ಳುತ್ತದೆ. ಟ್ಯಾಕ್ಸಿವೇ ದೀಪ ಹಸಿರು, ನೀಲಿ ಅಂತ ಗೊತ್ತಿದ್ದರೂ.

ಕಾಕ್‌ಪಿಟ್_ಬಲ
ಇದೇ ತಪ್ಪಿನ ಇನ್ನೊಂದು ಮುಖ 2000ದ ಅಕ್ಟೋಬರ್ 31, ತೈಪೆ. ಸಿಂಗಪುರ ಏರ್‌ಲೈನ್ಸ್‌ನ 747ಗೆ 05 ಲೆಫ್ಟ್‌ನಿಂದ ಏರಲು ಒಪ್ಪಿಗೆ ಸಿಕ್ಕಿತ್ತು. ಚಂಡಮಾರುತದ ಮಳೆ, ರಾತ್ರಿ. ಅವರು ತಿರುಗಿದ್ದು 05 ರೈಟ್‌ಗೆ. ಅದರ ಒಂದು ಭಾಗ ಕಾಮಗಾರಿಗೆ ಮುಚ್ಚಿತ್ತು, ಅಲ್ಲಿ ಯಂತ್ರಗಳು ನಿಂತಿದ್ದವು. 179 ಜನರಲ್ಲಿ 83 ಜನ ಹೋದರು. ಟವರಿಗೆ ಮಳೆಯಲ್ಲಿ ವಿಮಾನ ಕಾಣುತ್ತಿರಲಿಲ್ಲ, ನೆಲದ ಓಡಾಟ ತೋರಿಸುವ ರೇಡಾರ್ ಇರಲಿಲ್ಲ. ಒಪ್ಪಿಗೆ ಸರಿ, ಪೈಲಟ್ ಅದನ್ನು ತಿರುಗಿ ಹೇಳಿದ ಮರುನುಡಿ ಸರಿ, ವಿಮಾನ ಇದ್ದ ಜಾಗ ಮಾತ್ರ ತಪ್ಪು.

ಅದಕ್ಕೇ ಈಗ ರನ್‌ವೇಗೆ ತಿರುಗಿದ ಮೇಲೆ ನಾವಿಬ್ಬರೂ ನೆಲದ ಮೇಲಿನ ಅಂಕಿ, ದಿಕ್ಸೂಚಿ, ಐಎಲ್‌ಎಸ್ (ರೇಡಿಯೋ ಸಂಕೇತದಿಂದ ರನ್‌ವೇಗೆ ದಾರಿ ತೋರಿಸುವ ಉಪಕರಣ) ಸೂಚಿ ಎಲ್ಲ ಒಂದೇ ಮಾತು ಹೇಳುತ್ತಿವೆಯಾ ಅಂತ ಬಾಯಿ ಬಿಟ್ಟು ಹೇಳಿಕೊಂಡು ನೋಡುತ್ತೇವೆ. ಸಮಾನಾಂತರ ರನ್‌ವೇಯಲ್ಲಿ ದಿಕ್ಸೂಚಿ ಸಹಾಯಕ್ಕೆ ಬರಲ್ಲ, ಎರಡಕ್ಕೂ ಒಂದೇ ದಿಕ್ಕು. ಐಎಲ್‌ಎಸ್‌ನಲ್ಲಿ ಮಧ್ಯರೇಖೆ ತೋರಿಸುವ ಲೋಕಲೈಸರ್ ಸೂಚಿ ಮಾತ್ರ ಪಕ್ಕಕ್ಕೆ ಹೋಗಿರುತ್ತದೆ.

ನೀಲಿದೀಪ
ಇದು ವಿಷಯಾಂತರ ಆದರೂ ಕೇಳ್ತೀನಿ. ಅಟ್ಲಾಂಟಾದಲ್ಲಿ 5 ಅಂದರಲ್ಲ, ಲೆಫ್ಟ್, ಸೆಂಟರ್, ರೈಟ್ ಆದ ಮೇಲೆ ಉಳಿದೆರಡಕ್ಕೆ ಏನು ಹೆಸರು?

ಸ್ಟ್ರಿಪ್_ಬರಹ
ಅಂಕಿಯನ್ನೇ ಒಂದು ಹೆಚ್ಚು ಕಮ್ಮಿ ಮಾಡ್ತಾರೆ. ಅಲ್ಲಿ 8 ಲೆಫ್ಟ್, 8 ರೈಟ್, 9 ಲೆಫ್ಟ್, 9 ರೈಟ್, 10. ಐದೂ ಒಂದೇ ದಿಕ್ಕು. ಲಾಸ್ ಏಂಜಲೀಸ್‌ನಲ್ಲೂ 24ರ ಜೋಡಿ, 25ರ ಜೋಡಿ. ಹೀಗೆ ಬೇರೆ ಅಂಕಿ ಕೊಡುವುದೇ ವಾಸಿ, ಕಿವಿಗೆ ಬೇರೆಯಾಗಿ ಕೇಳುತ್ತೆ.

ಮೇಷ್ಟ್ರು_ಭೌತ
ಅಂಕಿಗೆ ಆಧಾರ ಅಯಸ್ಕಾಂತ ದಿಕ್ಕು. ಭೂಮಿಯ ಕಾಂತಧ್ರುವ ಸರಿಯುತ್ತಾ ಇರುವುದರಿಂದ ಹೆಸರೂ ಕೆಲವೊಮ್ಮೆ ಬದಲಾಗುತ್ತದೆ. ಫ್ಲಾರಿಡಾದ ಟ್ಯಾಂಪಾದಲ್ಲಿ 2011ರಲ್ಲಿ 18 ಇದ್ದದ್ದು 19 ಆಯಿತು.

ಹಾದಿಕೆಳಗೆ
ಇಳಿಯೋಕೆ ಬಂದ ವಿಮಾನ ಕೊನೇ ಗಳಿಗೆಯಲ್ಲಿ ಮೇಲೇರಿಬಿಟ್ಟರೆ? ಅದೇ ಹೊತ್ತಿಗೆ ಪಕ್ಕದಿಂದ ಇನ್ನೊಂದು ಏರುತ್ತಿದ್ದರೆ? ನಮ್ಮ ತಲೆ ಮೇಲೆ ಇದನ್ನು ನೋಡಿ ಎದೆ ಧಸಕ್ಕೆಂದಿದೆ.

ಟವರ್_ನಿವೃತ್ತ
ಅದಕ್ಕೆ ಮೊದಲೇ ದಾರಿ ಬರೆದಿಟ್ಟಿರುತ್ತಾರೆ. ಇಳಿಯದೆ ಮೇಲೇರುವ ವಿಮಾನದ ದಾರಿಗೂ ಪಕ್ಕದಿಂದ ಏರುವ ವಿಮಾನದ ದಾರಿಗೂ ಕನಿಷ್ಠ 30 ಡಿಗ್ರಿ ವ್ಯತ್ಯಾಸ ಇರಬೇಕು, ಒಂದು ಈಚೆ ಹೊರಳಿದರೆ ಇನ್ನೊಂದು ಆಚೆ. ಪೈಲಟ್ ‘ಗೋಯಿಂಗ್ ಅರೌಂಡ್’ ಅಂದ ಕೂಡಲೇ ಟವರಿನಲ್ಲಿ ಅದನ್ನು ಗಟ್ಟಿಯಾಗಿ ಹೇಳುತ್ತೇವೆ, ಪಕ್ಕದ ರನ್‌ವೇ ಕಂಟ್ರೋಲರ್ ತಲೆ ಎತ್ತಲಿ ಅಂತ. ಏರಲು ಸಿದ್ಧವಾಗಿ ನಿಂತಿದ್ದರೆ ತಡೆಯುತ್ತಾರೆ, ಏರಿದ್ದರೆ ತಿರುಗಿಸುತ್ತಾರೆ. ಮೇಲೇರಿದವರನ್ನು ಯಾಕೆ ಏನು ಅಂತ ಆ ಗಳಿಗೆಯಲ್ಲಿ ಕೇಳಬಾರದು, ಕಾಕ್‌ಪಿಟ್ಟಿನಲ್ಲಿ ಅವರಿಗೆ ಕೈತುಂಬಾ ಕೆಲಸ ಇರುತ್ತದೆ. ಕೆಳಗಿನಿಂದ ಭಯಂಕರವಾಗಿ ಕಂಡರೂ ಅದು ಅಭ್ಯಾಸ ಮಾಡಿರುವ ಕ್ರಮ.

ಕಾಕ್‌ಪಿಟ್_ಬಲ
ನಮಗೆ ಬೇಸರ ಆಗೋದು ಬೇರೆ ವಿಷಯಕ್ಕೆ. ಐಎಲ್‌ಎಸ್ ಹಿಡಿದು, ಎಲ್ಲ ಸಿದ್ಧ ಮಾಡಿಕೊಂಡು ಬಲ ರನ್‌ವೇಗೆ ಬರುತ್ತಿರುವಾಗ ಎಡಕ್ಕೆ ಹೋಗ್ತೀರಾ ಅಂತ ಕೇಳುತ್ತಾರೆ. ಒಂದು ನಿಲ್ದಾಣದಲ್ಲಿ ಇದು ಹತ್ತಿರ ಹತ್ತಿರ ಪ್ರತಿ ಸಲದ ಪಾಡು. ಫ್ರೀಕ್ವೆನ್ಸಿ ಬದಲಿಸಬೇಕು, ಕಂಪ್ಯೂಟರ್‌ನಲ್ಲಿ ರನ್‌ವೇ ಬದಲಿಸಬೇಕು, ಮತ್ತೆ ಮೇಲೇರಬೇಕಾದರೆ ಯಾವ ದಾರಿ ಅಂತ ಓದಬೇಕು, ಕೆಳಗೆ ನೆಲ ಹತ್ತಿರ ಬರುತ್ತಿರುತ್ತೆ. ನಾನು ‘ಆಗಲ್ಲ’ ಅಂದುಬಿಡುತ್ತೇನೆ. ಹೊಸಬರಿಗೆ ಹಾಗೆ ಹೇಳಲು ಸಂಕೋಚ.

ಸ್ಟ್ರಿಪ್_ಬರಹ
ಆಗಲ್ಲ ಅಂದರೆ ಟವರಿನಲ್ಲಿ ಯಾರೂ ಬೇಜಾರು ಮಾಡಿಕೊಳ್ಳಲ್ಲ ಸರ್, ದಯವಿಟ್ಟು ಹೊಸಬರಿಗೂ ಹೇಳಿ.

ನಿಜಾನಾ_ಗುರು
ಎರಡು ರನ್‌ವೇಗೆ ಎರಡು ಫ್ರೀಕ್ವೆನ್ಸಿ ಅಂದಿರಿ. ಆಗ ಎಡದವರ ಮಾತು ಬಲದವರಿಗೆ ಕೇಳಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಳಗಿದ್ದ ಪೈಲಟ್ ಕೂಗಿದ್ದು ಇಳಿಯುವವರಿಗೆ ಕೇಳಿದ್ದು ಒಂದೇ ಫ್ರೀಕ್ವೆನ್ಸಿಯಲ್ಲಿ ಇದ್ದದ್ದರಿಂದ ಅಲ್ವಾ? ಹಾಗಿದ್ದರೆ ಬೇರೆ ಮಾಡೋದು ಅಪಾಯ.

ಟವರ್_ನಿವೃತ್ತ
ಎಲ್ಲರನ್ನೂ ಒಂದರಲ್ಲೇ ಹಾಕಿದರೆ ದಟ್ಟಣೆಯ ಹೊತ್ತಿನಲ್ಲಿ ಒಬ್ಬರ ಮೇಲೊಬ್ಬರು ಮಾತಾಡಿ ಯಾರದೂ ಕೇಳುವುದಿಲ್ಲ. 27 ಲೆಫ್ಟ್‌ಗೆ ಕೊಟ್ಟ ಒಪ್ಪಿಗೆಯನ್ನು 27 ರೈಟ್‌ನಲ್ಲಿ ಇರುವವರು ತಮಗೆ ಅಂದುಕೊಂಡರೆ? ಬೇರೆ ಮಾಡುವುದು ಅದಕ್ಕೆ. ಆದರೆ ನಿಮ್ಮ ಮಾತಿನಲ್ಲಿ ಸತ್ವ ಇದೆ. ಒಂದು ರನ್‌ವೇಯನ್ನು ಮುಟ್ಟುವ ಎಲ್ಲರೂ, ಇಳಿಯುವವರು, ಏರುವವರು, ದಾಟುವವರು, ಹುಲ್ಲು ಕತ್ತರಿಸುವ ಗಾಡಿಯವರೂ ಸೇರಿ, ಆ ರನ್‌ವೇಯ ಫ್ರೀಕ್ವೆನ್ಸಿಯಲ್ಲೇ ಇರಬೇಕು. ಫ್ರೀಕ್ವೆನ್ಸಿ ಹಂಚುವುದು ರನ್‌ವೇ ಲೆಕ್ಕದಲ್ಲಿ ಇರಲಿ, ಕೆಲಸದ ಲೆಕ್ಕದಲ್ಲಿ ಬೇಡ. ದಾಟುವ ವಿಮಾನ ಗ್ರೌಂಡ್‌ನಲ್ಲಿದ್ದು, ಏರುವ ವಿಮಾನ ಟವರ್‌ನಲ್ಲಿದ್ದರೆ ಒಬ್ಬರ ಪಾಡು ಇನ್ನೊಬ್ಬರಿಗೆ ತಿಳಿಯುವುದೇ ಇಲ್ಲ. ನಾನು ಸೇರಿದ ಕಾಲದಲ್ಲಿ ಫೋನಿನಲ್ಲಿ ‘ದಾಟಿಸಲಾ?’ ‘ದಾಟಿಸು’ ಅಂತ ನಡೆಯುತ್ತಿತ್ತು. ಯಾವ ರನ್‌ವೇ ಅಂತ ಹೇಳದೆ! ಆ ಪದ್ಧತಿ ಹೋದದ್ದು ದೊಡ್ಡ ಸಮಾಧಾನ.

ರನ್‌ವೇ ಹೆಸರನ್ನು ಅರ್ಧ ಹೇಳಬಾರದು. ಬರೀ ‘ರೈಟ್’ ಅಂದರೆ ತಿರುಗು ಅಂತಲೂ ಆಗಬಹುದು, ಸರಿ ಅಂತಲೂ ಆಗಬಹುದು. ‘ರನ್‌ವೇ 27 ರೈಟ್’ ಅಂತ ಪೂರ್ತಿ. ಪೈಲಟ್ ಮರುನುಡಿಯಲ್ಲೂ ಪೂರ್ತಿ. ಬಿಟ್ಟರೆ ಮತ್ತೆ ಕೇಳಿಸಿಕೊಳ್ಳಬೇಕು, ಎಷ್ಟೇ ದಟ್ಟಣೆ ಇರಲಿ.

ಸೀಟು_14ಎ
ಕೊನೆಯದಾಗಿ ಒಂದು. ದಾಟೋಕೆ ಟವರ್ ಒಪ್ಪಿಗೆ ಕೊಟ್ಟರು, ಆದರೆ ಮುಂದೆ ಅಡ್ಡಕ್ಕೆ ಕೆಂಪು ದೀಪದ ಸಾಲು ಉರಿಯುತ್ತಿದೆ. ಆಗ ಯಾವುದು ಮೇಲು?

ಸ್ಟ್ರಿಪ್_ಬರಹ
ದೀಪ. ಅದಕ್ಕೆ ಸ್ಟಾಪ್ ಬಾರ್ ಅಂತಾರೆ. ಬಾಯಲ್ಲಿ ಒಪ್ಪಿಗೆ ಸಿಕ್ಕಿದ್ದರೂ ಉರಿಯುತ್ತಿರುವ ಸ್ಟಾಪ್ ಬಾರ್ ದಾಟುವಂತಿಲ್ಲ. ಒಪ್ಪಿಗೆ ಕೊಟ್ಟ ಕಂಟ್ರೋಲರ್ ಅದನ್ನು ಆರಿಸಬೇಕು. ಆರದಿದ್ದರೆ ಪೈಲಟ್ ನಿಂತಲ್ಲೇ ನಿಂತು ಕೇಳಬೇಕು.

ಕಾಕ್‌ಪಿಟ್_ಬಲ
ಸ್ಟಾಪ್ ಬಾರ್ ಕೆಟ್ಟು ಆರದೇ ಉಳಿದಿದ್ದೂ ಕಂಡಿದ್ದೇನೆ. ಆಗಲೂ ದಾಟಲಿಲ್ಲ. ಬೇರೆ ಟ್ಯಾಕ್ಸಿವೇ ಕಡೆಗೆ ತಿರುಗಿಸಿ ಕಳಿಸಿದರು. ಪ್ರಯಾಣಿಕರಿಗೆ ತಡ ಯಾಕೆ ಅಂತ ಮೈಕ್‌ನಲ್ಲಿ ಹೇಳಿದೆವು. ಸೀಟು_14ಎ ಅವರೇ, ಯಾರೂ ಹೇಳಲ್ಲ ಅಂತ ಮೊದಲೇ ದೂರಿದ್ದಿರಲ್ಲ, ಹೇಳುವವರೂ ಇದ್ದೇವೆ.